ಟೈಲರಮ್ಮನ ಇಫ್ ಪಾಠ

ಆಪರೇಷನ್ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿರಲಿಲ್ಲ. ಎದುರಿನ ಬೆಂಚಿನ ಮೇಲೆ ಟೈಲರಮ್ಮ ಮತ್ತು ಅವಳ ಅತ್ತೆ ಕೂತಿದ್ದರು. ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಯಾಂಟುಗಳ ಉದ್ದ ಕಡಿಮೆ ಮಾಡಿ ಹೊಲಿದುಕೊಡುವುದು ಅವಳ ಕೆಲಸ. ಗಿರಾಕಿಗಳು ಕರೆದ ಹೆಸರೇ ಅವಳಿಗೆ ಉಳಿದುಕೊಂಡಿತ್ತು. ಒಳಗೆ ಮಲಗಿದ್ದವನು ಅವಳ ಗಂಡ.

ಅವನಿಗೆ ಹಿಂದಿನ ದಿನದಿಂದಲೇ ಹೊಟ್ಟೆನೋವು. "ಬಿಸಿನೀರಿನ ಚೀಲ ಇಟ್ರೆ ಹೋಗತ್ತೆ, ಸಂಜೆವರೆಗೆ ನೋಡೋಣ" ಎಂದಿದ್ದರು ಅತ್ತೆ, ಇವತ್ತು ಎದ್ದ ಕೂಡಲೇ. ಅವರು ಹಾಕಿದ ಗೆರೆ ದಾಟಿ ಗೊತ್ತಿಲ್ಲದ ಟೈಲರಮ್ಮ ಈ ಬೆಳಿಗ್ಗೆ ಮಾತ್ರ ಕೇಳಲಿಲ್ಲ. ಗಂಡನ ಹಣೆಯ ತಣ್ಣನೆಯ ಬೆವರು ಮುಟ್ಟಿ ನೋಡಿದವಳೇ ಟ್ಯಾಕ್ಸಿ ಕರೆದಳು. ದಾರಿಯುದ್ದಕ್ಕೂ ಅತ್ತೆ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡೇ ಕೂತಿದ್ದರು.

ಈ ಪರದೇಶದ ಆಸ್ಪತ್ರೆಯಲ್ಲಿ ಎಲ್ಲರದೂ ಇಂಗ್ಲಿಷು. ಮನೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದವನು ಒಳಗಿದ್ದ. ಟೈಲರಮ್ಮನದು ಸಂಜೆ ತರಗತಿಯ ಇಂಗ್ಲಿಷು, ಇನ್ನೂ ಅರೆಬೆಂದದ್ದು. ಈಚೆಗಷ್ಟೇ ಅಲ್ಲಿನ ಮೇಷ್ಟ್ರು, ಕನ್ನಡದವರೇ, 'ಇಫ್' ಪಾಠ ಮಾಡಿದ್ದರು. ಆಗದೇ ಹೋದದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ಮೊದಲು 'ಹ್ಯಾಡ್' ಬರಬೇಕು, ಆಮೇಲೆ 'ವುಡ್ ಹ್ಯಾವ್'.

"ಅತ್ತೆಗೆ ಮೀಸೆ ಬಂದಿದ್ರೆ ಚಿಕ್ಕಪ್ಪ ಅನ್ನಬಹುದಿತ್ತು ಅಂತೀವಲ್ಲ, ಹಾಗೇ. ಮೀಸೇನೂ ಬರಲಿಲ್ಲ, ಚಿಕ್ಕಪ್ಪಾನೂ ಆಗಲಿಲ್ಲ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಟೈಲರಮ್ಮನೂ ನಕ್ಕು, ಕೊಟ್ಟ ಅಭ್ಯಾಸವನ್ನೆಲ್ಲ ತಪ್ಪು ಬರೆದಿದ್ದಳು.

ದೀಪ ಆರಿತು. ಡಾಕ್ಟರು ಮಾಸ್ಕ್ ತೆಗೆಯದೆಯೇ ಹೊರಬಂದು ಗಡಿಬಿಡಿಯಲ್ಲಿ ಒಂದು ವಾಕ್ಯ ಹೇಳಿದರು. ಅಷ್ಟರಲ್ಲಿ ಫೋನು ಬಂತು. ಅದನ್ನು ಕಿವಿಗೆ ಒತ್ತಿಕೊಂಡು ಹೊರಟೇಹೋದರು.

ಟೈಲರಮ್ಮನ ಕಿವಿಗೆ ಬಿದ್ದದ್ದು ಮೊದಲಿನ 'ಇಫ್', ನಡುವಿನ 'ಈವ್ನಿಂಗ್', ಕೊನೆಯ 'ಲಾಸ್ಟ್ ಹಿಮ್'. ಲಾಸ್ಟ್ ಹಿಮ್. ಅವನನ್ನು ಕಳೆದುಕೊಂಡೆವು.

"ಏನಂದ್ರು?" ಅತ್ತೆ ಕೇಳಿದರು.

"ತಡೀರಿ ಅತ್ತೆ."

ಇಫ್ ಇತ್ತಲ್ಲ? ಇಫ್ ಇದ್ದರೆ ಆಗಿಲ್ಲ ಅಂತ ತಾನೇ? ಆದರೆ ವುಡ್ ಹ್ಯಾವ್ ಎಲ್ಲಿ? ಮಾಸ್ಕಿನೊಳಗೇ ಉಳಿಯಿತೋ, ಅವರು ಹೇಳಲೇ ಇಲ್ಲವೋ? ಅಥವಾ ನೀವೇ ಬೇಗ ಬರಬೇಕಿತ್ತು ಅಂದರೋ?

"ಏನಂದ್ರು ಹೇಳೇ."

ಅವಳು ಎದ್ದು ಕಾರಿಡಾರಿನಲ್ಲಿ ಓಡಿದಳು. ಲಿಫ್ಟಿನ ಬಾಗಿಲಲ್ಲಿ ಡಾಕ್ಟರು ಸಿಕ್ಕರು. ಓಡುತ್ತ ಜೋಡಿಸಿಕೊಂಡಿದ್ದ ವಾಕ್ಯವೆಲ್ಲ ಅವರ ಮುಖ ನೋಡಿದೊಡನೆ ಕಲಸುಮೇಲೋಗರವಾಯಿತು.

"ಸರ್, ಮೈ ಹಸ್ಬೆಂಡ್... ಈಸ್? ಆರ್ ವಾಸ್?"

ಡಾಕ್ಟರಿಗೆ ತಿಳಿಯಲು ಕೊಂಚ ಹೊತ್ತು ಹಿಡಿಯಿತು. ಅವರು ಫೋನು ಇಳಿಸಿ, ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡರು.

"ಈಸ್," ಎಂದರು. "ಈಸ್, ಈಸ್." ಆಮೇಲೆ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ಅಪೆಂಡಿಕ್ಸ್ ಒಡೆದಿತ್ತು. ಸಂಜೆಯವರೆಗೆ ಕಾದಿದ್ದರೆ ಉಳಿಯುತ್ತಿರಲಿಲ್ಲ. ಈ ಸಲ ಹ್ಯಾಡ್ ಕೇಳಿಸಿತು, ವುಡ್ ಹ್ಯಾವ್ ಕೂಡ.

ಅಳು ಬಂತು. ಕಣ್ಣು ಒರೆಸಿಕೊಂಡು ಹಿಂದಿರುಗುವಾಗ ಇನ್ನೊಂದು ದಿಗಿಲು ಹತ್ತಿತು. ಇದನ್ನು ಅತ್ತೆಗೆ ಹೇಗೆ ಹೇಳುವುದು? ಸಂಜೆವರೆಗೆ ಎಂದವರು ಅವರೇ. ಹೇಳಿದರೆ ಎದೆಗೆ ಚೂರಿ ಹಾಕಿದ ಹಾಗೆ. ಅವಳನ್ನು ದೂರದಿಂದಲೇ ಕಂಡು ಅತ್ತೆ ಎದ್ದು ನಿಂತಿದ್ದರು.

"ಚೆನ್ನಾಗಿದ್ದಾರೆ ಅತ್ತೆ. ಸರಿಯಾದ ಹೊತ್ತಿಗೆ ಬಂದ್ರಿ ಅಂದ್ರು."

ಅತ್ತೆ ದೊಪ್ಪನೆ ಕೂತರು. ಉಸಿರು ಒಂದು ಹದಕ್ಕೆ ಬಂದ ಮೇಲೆ ಸೊಸೆಯ ಮುಖ ನೋಡಿದರು. "ಅಷ್ಟೇ ಅಂದಿದ್ರೆ ನೀನು ಹಾಗೆ ಓಡ್ತಿರಲಿಲ್ಲ."

ಟೈಲರಮ್ಮ ಸೆರಗಿನ ಅಂಚು ಮಡಿಸತೊಡಗಿದಳು.

"ನನ್ನ ಮಾತು ಕೇಳಿದ್ರೆ ಹೋಗಿಬಿಡ್ತಿದ್ದ. ಅಲ್ವಾ?"

ಏನಾದರೂ ಸುಳ್ಳು ಸಿಗುತ್ತದೇನೋ ಎಂದು ತಡಕಾಡಿದಳು. ಸಿಗಲಿಲ್ಲ. "ಕೇಳಲಿಲ್ವಲ್ಲ ಅತ್ತೆ," ಎಂದಳು ಮೆಲ್ಲಗೆ.

ಅತ್ತೆ ಅವಳ ಮೊಣಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ. ನರ್ಸ್ ಬಾಗಿಲು ತೆರೆದು, ಒಬ್ಬರು ಮಾತ್ರ ಬರಬಹುದೆಂದು ಬೆರಳೆತ್ತಿ ತೋರಿಸಿದಳು.

"ನೀನು ಹೋಗು," ಎಂದರು ಅತ್ತೆ. "ಮೊದಲು ನಿನ್ನನ್ನೇ ನೋಡ್ಲಿ."