ಅಧ್ಯಕ್ಷರ ಪಕ್ಕದ ಕುರ್ಚಿ

ಮರೆವಿನ ಕಾಯಿಲೆಯ ಸಂಶೋಧನೆಗೆ ಪ್ರಾಂತ್ಯದ ಅನುದಾನ ಹಂಚುವ ಆ ಸಮಿತಿಯಲ್ಲಿ ಇದ್ದವರೆಲ್ಲ ಮಿದುಳಿನ ಶಾಸ್ತ್ರವನ್ನು ಅರೆದು ಕುಡಿದವರು. ಅವರ ಅಧ್ಯಕ್ಷರಿಗೇ ಆ ಕಾಯಿಲೆ ಹಿಡಿದು ವರ್ಷವಾಗಿತ್ತು. ಇದು ಅಧ್ಯಕ್ಷರ ಹೆಂಡತಿಗೆ ಗೊತ್ತಿತ್ತು. ಪಕ್ಕದ ಮನೆಯವರಿಗೆ ಗೊತ್ತಿತ್ತು, ಹಾಲು ತರುವವನಿಗೂ ಗೊತ್ತಿತ್ತು. ಸಮಿತಿಯ ಮಹಾಮಹಿಮರಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೇನು ಬಂತು, ಶುದ್ಧ ಜಾಣಕುರುಡು.

ಹೆಂಡತಿ ಕೇಳದೆ ಬಿಟ್ಟವಳಲ್ಲ. ಸದಸ್ಯರಲ್ಲೊಬ್ಬನಾದ ನರರೋಗದ ಡಾಕ್ಟರನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿ, "ಡಾಕ್ಟ್ರೇ, ಇವ್ರು ಕನ್ನಡಕನ ಫ್ರಿಜ್ಜಲ್ಲಿಟ್ಟು ಮನೆಯೆಲ್ಲಾ ಹುಡುಕ್ತಾರೆ. ಒಂದ್ಸಲ ಪರೀಕ್ಷೆ ಮಾಡಿ" ಎಂದು ಅಂಗಲಾಚಿದ್ದಳು. ಅವನು ಹಲ್ಲು ಕಿರಿದು, "ದೊಡ್ಡವರ ತಲೇಲಿ ದೊಡ್ಡ ವಿಚಾರ ಓಡ್ತಿರತ್ತೆ ಮೇಡಂ" ಎಂದು ಸರಸರನೆ ಇಳಿದುಹೋಗಿದ್ದ. ಸಮಿತಿಯ ಕಾರ್ಯದರ್ಶಿ ಇನ್ನೂ ಘಾಟಿ ಆಸಾಮಿ. "ಸರ್ ಹೆಸರು ನೋಡ್ಕೊಂಡೇ ಸರ್ಕಾರ ನಮ್ಗೆ ನಿಧಿ ಕೊಡೋದು. ಅವ್ರು ಇಳಿದ್ರೆ ಅದು ಪಕ್ಕದ ಪ್ರಾಂತ್ಯದ ಪಾಲು. ನೀವು ಬಂದು ಸುಮ್ನೆ ಅವ್ರ ಪಕ್ಕ ಕೂತ್ಕೊಳ್ಳಿ, ಸಾಕು" ಎಂದಿದ್ದ.

ಹೀಗೆ ಅಧ್ಯಕ್ಷರ ಎಡಕ್ಕೆ ಒಂದು ಕುರ್ಚಿ ಬಂತು. ಯಾರಾದರೂ ಏನಾದರೂ ಕೇಳಿದರೆ ಅಧ್ಯಕ್ಷರು ತಲೆ ತಿರುಗಿಸಿ ಹೆಂಡತಿಯ ಮುಖ ನೋಡುವುದು, ಆಕೆ ಪಿಸುಗುಟ್ಟುವುದು, ಅದನ್ನೇ ಅವರು ತಮ್ಮ ತುಂಬುದನಿಯಲ್ಲಿ ಹೇಳುವುದು. ಉತ್ತರಕ್ಕಾಗಿ ಪಕ್ಕದವರತ್ತ ತಲೆ ತಿರುಗಿಸುವುದೇ ಈ ಕಾಯಿಲೆಯ ಒಂದು ಗುರುತು ಎಂದು ಆ ಸದಸ್ಯರಿಗೆಲ್ಲ ಒಂದು ಕಾಲದಲ್ಲಿ ಪಾಠ ಹೇಳಿದವರು ಇದೇ ಅಧ್ಯಕ್ಷರು. ಶಿಷ್ಯರು ಪಾಠವನ್ನು ಮರೆತಿರಲಿಲ್ಲ. ಮರೆತಿದ್ದರೆ ಕುರ್ಚಿಯನ್ನು ಅಷ್ಟು ಸರಿಯಾದ ಜಾಗದಲ್ಲಿ ಹಾಕಲು ಬರುತ್ತಿತ್ತೇ?

ಆಕೆಗೆ ಬೇಕಾಗಿದ್ದದ್ದು ಒಂದೇ ಮಾತು. ಇದು ಕಾಯಿಲೆ, ಇನ್ನು ಸಾಕು, ಮನೆಗೆ ಕರೆದುಕೊಂಡು ಹೋಗಿ ಚಿಕಿತ್ಸೆ ಕೊಡಿಸಿ ಎಂದು ಅವರಲ್ಲಿ ಯಾರಾದರೂ ಒಬ್ಬರು ಗಂಡನ ಎದುರು ಬಾಯಿಬಿಟ್ಟು ಹೇಳಬೇಕು. ಆಕೆ ಹೇಳಿದರೆ ಅವರು ಕೇಳುತ್ತಿರಲಿಲ್ಲ. "ಅಷ್ಟು ಜನ ಡಾಕ್ಟರಿದ್ದಾರಲ್ಲ ಅಲ್ಲಿ. ಅವ್ರಿಗೆ ಕಾಣದ್ದು ನಿನಗೆ ಕಾಣ್ತಾ?" ಎಂದು ರೇಗುತ್ತಿದ್ದರು.

ಆ ದಿನದ ಸಭೆಗೆ ಅನುದಾನ ಕೇಳಲು ಕೊನೆಯಲ್ಲಿ ಬಂದವಳು ಒಬ್ಬ ಯುವ ವೈದ್ಯೆ. ಬಡಾವಣೆಯ ಸಣ್ಣಪುಟ್ಟ ಡಾಕ್ಟರುಗಳಿಗೆ ಈ ಕಾಯಿಲೆಯನ್ನು ಆರಂಭದಲ್ಲೇ ಗುರುತಿಸಲು, ಮನೆಯವರಿಗೆ ಮುಚ್ಚಿಡದೆ ಹೇಳಲು ಕಲಿಸಿ, ಅದರ ಫಲ ಏನೆಂದು ನೋಡುವುದು ಅವಳ ಯೋಜನೆ. ಪರದೆಯ ಮೇಲಿನ ಚಿತ್ರಗಳನ್ನು ತೋರಿಸಿ ಮುಗಿಸಿದಾಗ ಅಧ್ಯಕ್ಷರು ಮುಂದಕ್ಕೆ ಬಾಗಿದರು.

"ಇದ್ರಿಂದ ಮನೆಯವ್ರಿಗೆ ಏನಮ್ಮ ಲಾಭ?"

ಅವಳು ವಿವರವಾಗಿ ಹೇಳಿದಳು. ಅಧ್ಯಕ್ಷರು ತಲೆದೂಗಿ, ನೀರು ಕುಡಿದು, ಲೋಟ ಕೆಳಗಿಟ್ಟು ಕೇಳಿದರು: "ಅದ್ಸರಿ, ಇದ್ರಿಂದ ಮನೆಯವ್ರಿಗೆ ಏನು ಲಾಭ?"

"ಆಹಾ," ಎಂದ ನರರೋಗದ ಡಾಕ್ಟರ್. "ಸರ್ ಬೇರೆ ಕೋನದಿಂದ ಕೇಳ್ತಿದ್ದಾರೆ."

ಅವಳು ಮತ್ತೆ ಹೇಳಿದಳು. ಅಧ್ಯಕ್ಷರು ಮತ್ತೆ ಕೇಳಿದರು. ಈ ಸಲ ಕಾರ್ಯದರ್ಶಿ, "ಎಂಥಾ ಆಳ!" ಎಂದು ಉಸಿರು ಬಿಟ್ಟ. ಅಧ್ಯಕ್ಷರ ಹೆಂಡತಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಯುವ ವೈದ್ಯೆ ಲ್ಯಾಪ್‌ಟಾಪ್ ಮುಚ್ಚಿದಳು. ಮೇಜು ಬಳಸಿ ಬಂದು ಅಧ್ಯಕ್ಷರ ಹತ್ತಿರ ನಿಂತು, ಮೆತ್ತಗೆ ಕೇಳಿದಳು: "ಸರ್, ಈಗ ಯಾವ ತಿಂಗಳು?"

ಅಧ್ಯಕ್ಷರು ಎಡಕ್ಕೆ ತಿರುಗಿದರು. ಆಕೆಯ ತುದಿನಾಲಿಗೆಗೆ ತಿಂಗಳ ಹೆಸರು ಬಂದೇಬಿಟ್ಟಿತ್ತು. ವರ್ಷದಿಂದ ಕಾಯುತ್ತಿದ್ದ ಕ್ಷಣ ಇದು. ಈಗ ಪಿಸುಗುಟ್ಟಿದರೆ ಈ ಖದೀಮರಿಗೂ ತನಗೂ ಏನು ವ್ಯತ್ಯಾಸ? ಆಕೆ ತುಟಿ ಬಿಗಿದು ಗಂಡನ ಮುಖವನ್ನೇ ನೋಡಿದಳು.

"ಹೇಳೇ," ಎಂದರು ಅವರು. ಆಮೇಲೆ ಎಲ್ಲರತ್ತ ನೋಡಿ ನಕ್ಕರು. "ಎಲ್ಲಾ ಇವಳ ಹತ್ರಾನೇ ಇರತ್ತೆ."

"ಸರ್‌ಗೆ ಆಯಾಸ ಆಗಿದೆ!" ಎಂದು ಕಾರ್ಯದರ್ಶಿ ಎದ್ದುನಿಂತ. ಯುವ ವೈದ್ಯೆಯನ್ನು ಹೊರಗೆ ಕಳಿಸಿದ್ದಾಯಿತು. ಉದ್ಧಟತನ ಎಂದರು, ಹಿರಿಯರ ಎದುರು ನಡೆದುಕೊಳ್ಳುವ ರೀತಿಯೇ ಇದು ಎಂದರು. ನಮ್ಮ ಪ್ರಾಂತ್ಯದ ವೈದ್ಯರಿಗೆ ಈ ಕಾಯಿಲೆ ಗುರುತಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂದು ಬರೆದು, ಅಧ್ಯಕ್ಷರ ಕೈಗೆ ಪೆನ್ನು ಕೊಟ್ಟರು. ಅವರ ಸಹಿ ಮಾತ್ರ ಈಗಲೂ ಮುತ್ತಿನಂತಿತ್ತು.

ಆಕೆ ಗಂಡನ ತೋಳು ಹಿಡಿದು ಹೊರಟಳು. ಓಣಿಯಂಥ ಆ ಉದ್ದನೆಯ ಹಾದಿಯ ಕೊನೆಯ ಬೆಂಚಿನಲ್ಲಿ ಯುವ ವೈದ್ಯೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಕಂಡು ಅಧ್ಯಕ್ಷರ ಮುಖ ಅರಳಿತು.

"ಈ ಹುಡುಗಿ ಚೆನ್ನಾಗಿ ಮಾತಾಡಿದ್ಲು. ಕೊಟ್ವಾ ಇವಳಿಗೆ?"

"ಇಲ್ಲ," ಎಂದಳು ಆಕೆ.

"ಯಾವ ಮುಠ್ಠಾಳ ಬೇಡ ಅಂದದ್ದು?"

ಸುಳ್ಳು ಹೇಳಬಹುದಿತ್ತು. ಆಕೆಗೆ ಸುಳ್ಳು ಸಾಕುಸಾಕಾಗಿತ್ತು. "ನೀವೇ ರೀ. ಈಗ ತಾನೆ ಸಹಿ ಹಾಕಿದ್ರಿ."

ಅವರು ನಿಂತುಬಿಟ್ಟರು. ಹೆಂಡತಿಯ ಮುಖ, ಹುಡುಗಿಯ ಮುಖ ನೋಡಿದರು. ಇಬ್ಬರೂ ನಗುತ್ತಿರಲಿಲ್ಲ. ಎಷ್ಟೋ ತಿಂಗಳಿಂದ ಕಾಣದಿದ್ದ ಹಳೆಯ ಮೇಷ್ಟರ ಚುರುಕು ಅವರ ಕಣ್ಣಿಗೆ ಬಂತು.

"ಸಹಿ ಹಾಕಿದ್ದು ನೆನಪಿಲ್ಲ ಅಂದ್ರೆ ನನಗೆ ಅದೇ ಕಾಯಿಲೆ ಕಣೇ. ಇಂಥವನನ್ನ ಆ ಕುರ್ಚೀಲಿ ಕೂರಿಸಬಾರದು."

ಆಕೆ ತಡಮಾಡಲಿಲ್ಲ. ಅವರು ಮರೆಯುವ ಮೊದಲೇ ದರದರನೆ ವಾಪಸು ಕರೆತಂದು ಬಾಗಿಲು ತಳ್ಳಿದಳು. "ಅಲ್ಲಿ ಹೇಳಿದ್ದನ್ನ ಇಲ್ಲೂ ಹೇಳಿ."

"ನನಗೆ ಕಾಯಿಲೆ," ಎಂದರು ಅಧ್ಯಕ್ಷರು, ಬಾಗಿಲಲ್ಲೇ ನಿಂತು. "ನನ್ನ ತೆಗೆದುಹಾಕಿ."

ನರರೋಗದ ಡಾಕ್ಟರ್ ಗೊಳ್ಳೆಂದು ನಕ್ಕ. "ಸರ್ ತಮಾಷೆಗೆ ಸಾಟಿ ಇಲ್ಲ!" ಕಾರ್ಯದರ್ಶಿ ಕೈತಟ್ಟಿದ. "ಎಂಥಾ ವಿನಯ ನೋಡಿ!" ಉಳಿದವರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಅಧ್ಯಕ್ಷರಿಗೆ ಖುಷಿಯಾಯಿತು. ಯಾಕೆ ಬಂದೆವೆಂಬುದೇ ಮರೆತು ಎಲ್ಲರಿಗೂ ಕೈಮುಗಿಯತೊಡಗಿದರು.

"ಇಷ್ಟು ಜನ ಪಂಡಿತರಲ್ಲಿ ಕಾಯಿಲೆ ಗುರುತಿಸಿ ಹೇಳೋ ಧೈರ್ಯ ಇದ್ದದ್ದು ಕಾಯಿಲೆಯವರೊಬ್ಬರಿಗೇ," ಎಂದಳು ಆಕೆ. "ಮುಂದಿನ ಸಭೆಗೆ ಇವ್ರು ಬರಲ್ಲ. ಕರ್ಕೊಂಡು ಬರ್ತಿದ್ದವಳು ನಾನು."

ಗಂಡನ ಮುಗಿದ ಕೈಗಳನ್ನು ಬಿಡಿಸಿ ಹಿಡಿದುಕೊಂಡು ಹೊರಗೆ ಬಂದು, ಬೆಂಚಿನ ಮೇಲಿದ್ದ ಹುಡುಗಿಯ ಪಕ್ಕ ಅವರನ್ನು ಕೂರಿಸಿದಳು.

"ಯಾವ ತಿಂಗಳು ಅಂತ ಇನ್ನೊಂದ್ಸಲ ಕೇಳಮ್ಮ," ಎಂದಳು. "ನಾನು ಆ ಕಡೆ ಹೋಗಿ ನಿಂತಿರ್ತೀನಿ."