ಕಣದಲ್ಲಿ ಅಂದ ಹೂಂ

ಸಂಕ್ರಾಂತಿ ಕಳೆದ ಮೇಲೆ ನಾನು ಪ್ರತಿ ವರ್ಷ ಮನಗೂಳಿಯಿಂದ ನಿಡಗುಂದಿಗೆ, ತಂಗಿ ಸುನಂದಾ ಮತ್ತು ಅವಳ ಗಂಡ ಕಲ್ಮೇಶಪ್ಪನ ಹೊಲಕ್ಕೆ ಹೋಗುತ್ತೇನೆ. ರಾಶಿಯೆಲ್ಲ ಮಷಿನ್ನಿಗೆ ಹೋದರೂ ಬೀಜಕ್ಕೆ ಇಡುವ ತೊಗರಿಯನ್ನು ಅವಳು ಕೈಯಲ್ಲೇ ಬಡಿದು ಗಾಳಿಗೆ ತೂರುತ್ತಾಳೆ. ಹೊಟ್ಟು ಹಾರುವ ಕಡೆ ಗಂಡಸರು ಸುಳಿಯುವುದಿಲ್ಲ, ಮೈ ತುರಿಸುತ್ತದೆ ಎನ್ನುತ್ತಾರೆ. ಹಾಗಾಗಿ ಮನೆಯಲ್ಲಿ ಆಡಲಾಗದ ಮಾತನ್ನು ನಾವು ಹೆಂಗಸರು ಕಣದಲ್ಲಿ ಆಡುತ್ತೇವೆ. ಹುಟ್ಟಿದ ಮೂರನೇ ದಿನಕ್ಕೆ ಸತ್ತ ನಮ್ಮ ಅಣ್ಣನ ವಿಷಯವನ್ನು ಅವ್ವ ಹೇಳಿದ್ದೂ ಮೊರ ಎತ್ತಿ ಹಿಡಿದುಕೊಂಡೇ.

ಈ ಸಲ ನನ್ನ ಕಿವಿಗಳ ಹಿಂದೆ ಹೊಸ ಶ್ರವಣಯಂತ್ರ ಇತ್ತು. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಜೋರಾಗಿ ಓದಿರೆಂದು ಗದರಿಸಿದವಳಿಗೆ ಕಿವುಡಿ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದರೆ ಕಾಣುತ್ತಿರಲಿಲ್ಲ.

ಮನೆಯೊಳಗೆ ಎಲ್ಲ ಚೆನ್ನಾಗಿ ಕೇಳುತ್ತಿತ್ತು. ಕಣದಲ್ಲಿ ಗಾಳಿ ಎದ್ದದ್ದೇ ತಡ, ಕಿವಿಯೊಳಗೆ ಲಾರಿ ಓಡಿದಂತಾಯಿತು. ಸುನಂದಾಳ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಬೀಳುವ ಕಾಳನ್ನೇ ನೋಡುತ್ತ, ಕೈ ನಿಲ್ಲಿಸದೆ, ಅವಳು ಬಹಳ ಹೊತ್ತು ಮಾತಾಡಿದಳು. ನಾನು ನಡುನಡುವೆ "ಹೂಂ" ಎನ್ನುತ್ತಿದ್ದೆ. ಕಿವಿ ಮಂದವಾದ ಎಂಟತ್ತು ವರ್ಷಗಳಲ್ಲಿ ನಾನು ಕಲಿತ ವಿದ್ಯೆ ಅದು. ಕೊನೆಗೆ ಮೊರ ಇಳಿಸಿ, ನನ್ನ ಮುಖ ನೋಡಿ ಏನೋ ಕೇಳಿದಳು.

"ಹೂಂ ವಾ, ಅದಕ್ಕೇನಂತ," ಎಂದು ನಕ್ಕೆ.

ಅವಳು ಕಣ್ಣೊರೆಸಿಕೊಂಡಳು. ಹೊಟ್ಟು ಬಿದ್ದಿರಬೇಕು ಎಂದುಕೊಂಡೆ.

ನಾಲ್ಕು ದಿನದ ಮೇಲೆ ದೊಡ್ಡ ಚೀಲ ಹಿಡಿದು ಮನಗೂಳಿಯ ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನವಾ, ಹೇಳದ ಕೇಳದ ಬಂದಿ? ಎಷ್ಟ ದಿನ ರಜಾ ಕೊಟ್ಟಾರ ನಿಮ್ಮ ಮನ್ಯಾಗ?" ಎಂದು ಚೇಷ್ಟೆ ಮಾಡಿದೆ.

ಸುನಂದಾ ಒಳಗೆ ಒಯ್ಯುತ್ತಿದ್ದ ಚೀಲವನ್ನು ಬಾಗಿಲ ಬಳಿಯೇ ಇಟ್ಟಳು.

"ನಾಳಿ ಹೋಗ್ತೇನಕ್ಕಾ."

ಹೋದಳು. ಆಮೇಲೆ ಅವಳಿಂದ ಫೋನು ಬರಲಿಲ್ಲ.

ಯಂತ್ರ ಕೊಟ್ಟ ಮುಬಿನಾಳ ಬಳಿ ನಾನು ಹೋದದ್ದು ಅದರ ಮೇಲೆ ದೂರು ಹೇಳಲು. ನನ್ನ ಶಾಲೆಯಲ್ಲೇ ಕಲಿತ ಹುಡುಗಿ.

"ಇಲ್ಲಿ ಸಣ್ಣ ತೂತು ಅದಾವ ನೋಡ್ರಿ, ಇವ ಇದರ ಕಿವಿ. ಗಾಳಿ ಇಲ್ಲಿ ಹೊಡದು ಸುಳಿ ತಿರಗತೈತ್ರಿ. ಗಾಳಿ ಯಾವುದು, ಮಾತು ಯಾವುದು ಇದಕ್ಕ ತಿಳಿಯಂಗಿಲ್ಲ. ಎಲ್ಲಾ ದೊಡ್ಡದ ಮಾಡಿ ಒಳಗ ಕಳಸತೈತಿ." ತೂತುಗಳಿಗೆ ಸಣ್ಣ ಸ್ಪಂಜು ಕೂಡಿಸಿದಳು. ಗಾಳಿಗೆಂದೇ ಬೇರೆ ಸೆಟ್ಟಿಂಗ್ ಹಾಕಿಕೊಟ್ಟಳು. ಅದು ದಪ್ಪ ಸದ್ದನ್ನು ಅದುಮುತ್ತದೆ, ತೆಳು ಸದ್ದನ್ನು ಬಿಡುತ್ತದೆ. "ಸೆರಗು ತಿಕ್ಕಿದ್ರೂ ಸಪ್ಪಳಾನ ರೀ. ಗಾಳಿ ಬಂದ್ರ ಗ್ವಾಡಿ ಮರಿಗೆ ನಿಂದರ್ರಿ. ಮೊದಲ, ಕೇಳವಲ್ದು ಅಂತ ಬಾಯಿಬಿಟ್ಟ ಹೇಳ್ರಿ ಟೀಚರ. ನಾವ್ ಸುಮ್ನ ಹೂಂ ಅಂದ್ರ ಕಿವಿ ಹಿಂಡ್ತಿದ್ರಲ್ಲ!"

ಇಬ್ಬರೂ ನಕ್ಕೆವು.

ಕಡಲೆ ತೂರುವ ಹೊತ್ತಿಗೆ, ಕರೆಯದಿದ್ದರೂ ನಿಡಗುಂದಿಗೆ ಹೋದೆ. ಸುನಂದಾ ತೂರುತ್ತಿದ್ದಳು. ನನ್ನನ್ನು ನೋಡಿ "ಬಾ ಅಕ್ಕಾ" ಎಂದಳು, ಅಷ್ಟೇ. ಈಗ ನನಗೆ ಕಾಳು ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಬೀಳುವುದು ಕೇಳುತ್ತಿತ್ತು, ಅವಳ ಬಳೆ ಕೇಳುತ್ತಿತ್ತು. ಅವಳು ಮಾತ್ರ ಮಾತಾಡಲಿಲ್ಲ.

ಅವಳು ನೀರು ತರಲು ಹೋದಾಗ, ಎಷ್ಟೋ ವರ್ಷದಿಂದ ಅವರ ಹೊಲಕ್ಕೆ ಬರುವ ಗುಂಡವ್ವ ನನ್ನತ್ತ ತಿರುಗಿದಳು.

"ಟೀಚರಬಾಯಾರ, ಬಾಯಿಲೆ ಹೂಂ ಅಂದ್ರಿ, ಮನಿತನಕ ಬಂದಾಕಿನ್ನ ಹೊಳ್ಳಿ ಕಳಿಸಿದ್ರಿ. ಭಾಳ ದೊಡ್ಡ ಮಂದಿ ನೀವು."

"ಏನಂದ್ಲು ಆಕಿ ಅವತ್ತ?"

"ನೀವ ಕೇಳಿದ್ರಲ್ಲ! ಕಲ್ಮೇಶಪ್ಪ ಎಂಟ ವರ್ಷಾತು ಆಕಿ ಕೂಡ ಮಾತಾಡಿಲ್ಲ. ಬೇಕಾದ್ರ ಊಟದ ತಾಟ ಬಡದ ಕರೀತಾನ, ನಾಯಿ ಕರದಂಗ. ಸಾಕಾತಕ್ಕಾ, ನಿನ್ನ ಮನ್ಯಾಗ ಇದ್ದಬಿಡ್ಲೇನು ಅಂದ್ಲು. ನೀವು ಅದಕ್ಕೇನಂತ ಅಂದ್ರಿ. ನಾ ಇಲ್ಲೇ ಇದ್ನೆಲ್ಲರಿ."

ಸುನಂದಾ ಕೊಡ ಹೊತ್ತು ಬಂದಾಗ ನಾನು ಸೆರಗು ತೆಗೆದು ಕಿವಿ ತೋರಿಸಿದೆ. ಏನು ಹೇಳಿದೆನೋ, ಹೇಗೆ ಹೇಳಿದೆನೋ. ಅವಳು ಬೆರಳ ತುದಿಯಿಂದ ಯಂತ್ರವನ್ನು ಮುಟ್ಟಿದಳು.

"ಒಂದ ಸಲ ಕೇಳ್ಸವಲ್ದು ಅಂದಿದ್ರ ಒದರಿ ಹೇಳ್ತಿದ್ನೆಲ್ಲಕ್ಕಾ. ಕಣದಾಗ ಒದರಿದ್ರ ಯಾರ ಕೇಳ್ತಿದ್ರು?"

"ಈಗ ನಡಿ. ಐದರ ಬಸ್ಸಿಗೆ ನಡಿ ನನ್ನ ಕೂಡ."

"ಚೀಲ ತಗೊಂಡ ಹೊಳ್ಳಿ ಬಂದಾಗ ಅಂವ ಕಟ್ಟಿಮ್ಯಾಲ ಕುಂತಿದ್ದ. ಏನೂ ಅನ್ನಲಿಲ್ಲ. ಚೀಲ ನೋಡಿ ನಕ್ಕ." ಅವಳು ಕೊಡ ಇಳಿಸಿದಳು. "ಆ ಹೊಸ್ತಲಾ ಇನ್ನೊಮ್ಮೆ ದಾಟೂ ಕಸುವಿಲ್ಲಕ್ಕಾ ನನಗ."

ಗಾಳಿ ಎದ್ದಿತು. ಯಂತ್ರ ಅದನ್ನು ಅದುಮಿತು. ಹೊಲದ ಮನೆಯ ಕಡೆಯಿಂದ ತೆಳುವಾದ ಸದ್ದೊಂದು ನೇರವಾಗಿ ಕಿವಿಗೆ ಬಂತು. ಟಣ್ ಟಣ್ ಟಣ್. ಇಷ್ಟು ವರ್ಷ ಈ ಕಣದಲ್ಲಿ ಕೂತು ನಾನು ಒಮ್ಮೆಯೂ ಕೇಳದ ಸದ್ದು.

ಸುನಂದಾ ಮೈಮೇಲಿನ ಹೊಟ್ಟು ಕೊಡವಿಕೊಂಡಳು. ಹೋಗುವ ಮುಂಚೆ ನನ್ನ ಸೆರಗನ್ನು ಎತ್ತಿ, ಯಂತ್ರಕ್ಕೆ ತಿಕ್ಕದ ಹಾಗೆ, ಮೆಲ್ಲಗೆ ಕಿವಿ ಮುಚ್ಚಿದಳು.