ಸೇತುವೆ ತುಂಬ ಜನ

“ಇನ್ನೂ ಸ್ವಲ್ಪ ಒತ್ತಿಕೊಳ್ಳಿ. ನಡುವೆ ಜಾಗ ಬಿಡಬೇಡಿ. ಬಸ್ಸಲ್ಲಿ ಸೀಟಿಗೆ ನುಗ್ಗೋವಾಗ ಎಲ್ಲಿರುತ್ತೆ ಈ ನಾಚಿಕೆ?” ಎಂದು ಟೈಲರಕ್ಕ ಕೂಗಿದಳು.

ಜನ ನಕ್ಕರು, ನಗುತ್ತಲೇ ಒತ್ತಿಕೊಂಡರು. ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ತಲೆಯೋ ತಲೆ. ಅಂಗಡಿಗೆ ಬಾಗಿಲು ಹಾಕಿ ಬಂದವರು, ಕಂಕುಳಲ್ಲಿ ಕೂಸು ಹೊತ್ತವರು, ಸೈಕಲ್ಲನ್ನೂ ಜೊತೆಗೆ ತಳ್ಳಿಕೊಂಡು ಬಂದವರು. ವಾರವಿಡೀ ಟೈಲರಕ್ಕ ಮನೆಮನೆಯ ಮೆಟ್ಟಿಲು ಹತ್ತಿಳಿದು ಕರೆದಿದ್ದಳು. “ಒಬ್ಬಿಬ್ಬರು ಬಂದ್ರೆ ಸಾಲದು. ಮುದುಕರು, ಮಕ್ಕಳು, ಎಲ್ಲರನ್ನೂ ಹೊರಡಿಸಿ. ಸೇತುವೆ ತುಂಬಬೇಕು. ಅದನ್ನ ನೋಡಿ ಅವರಿಗೆ ಕೆಡವೋಕೆ ಕೈ ಬರಬಾರದು.” ಊರು ಅವಳ ಮಾತು ಉಳಿಸಿಕೊಟ್ಟಿತ್ತು. ತೊಂಬತ್ತು ದಾಟಿದ ಅವಳ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿ ತಂದು ನಟ್ಟನಡುವೆ ಕೂರಿಸಿದ್ದರು. ಯಾಕೆ ಬಂದದ್ದು ಎಂಬುದು ಅತ್ತೆಗೆ ಆಗಲೇ ಮರೆತಿತ್ತು. ಗಾಳಿ ಚೆನ್ನಾಗಿದೆ ಎಂದು ಮಾತ್ರ ಎಲ್ಲರಿಗೂ ಹೇಳುತ್ತಿದ್ದಳು.

ಅಜ್ಜಂದಿರ ಕಾಲದ ಕಬ್ಬಿಣದ ಸೇತುವೆ ಅದು, ಕಲ್ಲಿನ ಕಂಬಗಳ ಮೇಲೆ ನಿಂತದ್ದು. ಅದನ್ನು ತೆಗೆದು ಕಾಂಕ್ರೀಟಿನದು ಕಟ್ಟುತ್ತೇವೆಂದು ಇಂಜಿನಿಯರಮ್ಮ ಬಂದಿಳಿದ ದಿನದಿಂದ ಅವಳಿಗೂ ಊರಿಗೂ ಎಣ್ಣೆ ಸೀಗೆಕಾಯಿ. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣು ಎಂಬ ಕನಿಕರವೂ ಯಾರಿಗೂ ಇರಲಿಲ್ಲ. ಟೈಲರಕ್ಕನಂತೂ ನಡುಬೀದಿಯಲ್ಲಿ ನಿಲ್ಲಿಸಿ ಕೇಳಿದ್ದಳು: “ನಿಮ್ಮ ಮನೇಲಿ ಅಜ್ಜಿಗೆ ವಯಸ್ಸಾಯ್ತು ಅಂತ ಹೊಸ ಅಜ್ಜಿ ತರ್ತೀರೇನಮ್ಮ?” ಆ ಮಾತಿಗೆ ಕಾಲು ಬಂದು ಊರೆಲ್ಲ ಓಡಾಡಿತ್ತು. ಆದರೆ ಅವಳು ಹೇಳಿದ್ದು ತಮಾಷೆಗಲ್ಲ. ಮದುವೆಯಾಗಿ ಬಂದಾಗ ಈ ಊರಿಗೆ ಕಾಲಿಟ್ಟದ್ದು ಆ ಸೇತುವೆಯ ಮೇಲಿಂದ. ಗಂಡ ಹೋದಮೇಲೆ ಹೊಲಿಗೆ ಯಂತ್ರ ತುಳಿದು ಇಬ್ಬರು ಮಕ್ಕಳನ್ನು ಸಾಕಿದ್ದು ಅದರ ಬುಡದ ಗೂಡಂಗಡಿಯಲ್ಲಿ. ಆ ಕಡೆಯಿಂದ ದಾಟಿ ಬರುವವರ ಹರಿದ ಜೇಬು, ಬಿಗಿಯಾದ ರವಿಕೆ, ಉದ್ದವಾದ ಪ್ಯಾಂಟು, ಇವುಗಳಿಂದಲೇ ಮನೆಯ ಒಲೆ ಉರಿದಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದೊಂದೇ ಅವಳಿಗೆ ಗೊತ್ತಿದ್ದ ರಾಜಕೀಯ.

ಇವತ್ತಿಗೆಂದೇ ಅವಳು ಉಳಿದ ಬಟ್ಟೆಗಳನ್ನೆಲ್ಲ ಜೋಡಿಸಿ ಉದ್ದನೆಯ ಬ್ಯಾನರ್ ಹೊಲಿದಿದ್ದಳು: ‘ಇದು ನಮ್ಮದು, ಮುಟ್ಟಬೇಡಿ.’ ಎಲ್ಲರ ಕಣ್ಣಿಗೂ ಬೀಳಲಿ ಎಂದು ಅದನ್ನು ಸೇತುವೆಯ ಬಾಯಲ್ಲೇ, ಎರಡು ಕಂಬಗಳ ನಡುವೆ, ತಲೆಗಿಂತ ತುಸು ಮೇಲೆ ಬಿಗಿದು ಕಟ್ಟಿದ್ದರು. ಆ ಕಂಬಗಳ ನಡುವೆ ಮೊದಲೇ ಒಂದು ಬೋರ್ಡಿತ್ತು. ಭಾರದ ವಾಹನಗಳಿಗೆ ಪ್ರವೇಶವಿಲ್ಲ, ಒಂದು ಸಲಕ್ಕೆ ಒಂದೇ ವಾಹನ ದಾಟಬೇಕು ಎಂದು ಬರೆದದ್ದು. ನೋಡಿ ನೋಡಿ ಅದು ಯಾರ ಕಣ್ಣಿಗೂ ಕಾಣದಂತಾಗಿತ್ತು. ಈಗ ಬ್ಯಾನರಿನ ಹಿಂದೆ ಪೂರ್ತಿ ಮುಚ್ಚಿಹೋಗಿತ್ತು. ಲಾರಿ ಬಸ್ಸುಗಳಿಗಷ್ಟೇ ಭಾರ ಇರುತ್ತದೆ ಎಂದು ಊರು ತಿಳಿದಿತ್ತು. ತಮಗೂ ಭಾರವಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಮೈಕು ಹಿಡಿದವನು ಸೈಕಲ್ ಶಾಪಿನವನು. ಊರು ಅವನಿಗಿಟ್ಟ ಹೆಸರು ಚೇರ್ಮನ್, ಎಲ್ಲಿಯೂ ಯಾವ ಕುರ್ಚಿಯೂ ಅವನಿಗೆ ಸಿಕ್ಕಿರಲಿಲ್ಲವಾದ್ದರಿಂದ.

“ಯಾರಪ್ಪಂದು ಸೇತುವೆ?” ಎಂದು ಅವನು ಕೂಗಿದ.

“ನಮ್ಮಪ್ಪಂದು!” ಎಂದು ಊರು ಕೂಗಿತು. ಪ್ರತಿ ಕೂಗಿಗೂ ಎಲ್ಲರೂ ಒಟ್ಟಿಗೆ ಕಾಲು ಕುಟ್ಟಿದರು. ಧಡ್, ಧಡ್, ಧಡ್.

“ನೋಡಕ್ಕಾ, ಸೇತುವೆನೂ ನಮ್ಮ ಜೊತೆ ಕುಣೀತಿದೆ!” ಎಂದ ಚೇರ್ಮನ್.

ಹೌದು, ಟೈಲರಕ್ಕನ ಅಂಗಾಲಿಗೂ ಕಚಗುಳಿ ಇಟ್ಟಂತಾಗುತ್ತಿತ್ತು. ಅವಳು ಬಾಯಿತುಂಬ ನಕ್ಕಳು. ಅಷ್ಟರಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಇಂಜಿನಿಯರಮ್ಮ ಬರುವುದು ಕಾಣಿಸಿತು. “ಓಹೋ, ಹೊಸ ಅಜ್ಜಿ ತರೋರು ಬಂದ್ರು!” ಎಂದು ಯಾರೋ ಛೇಡಿಸಿದರು. ಅವಳೂ ನಗುತ್ತಿದ್ದಳು, ಮುಖಕ್ಕೆ ಅಂಟಿಸಿಕೊಂಡಂಥ ನಗು. ಬಂದವಳೇ ಟೈಲರಕ್ಕನ ಮೊಣಕೈ ಹಿಡಿದು ಕಿವಿಯ ಹತ್ತಿರ ಬಾಗಿದಳು.

“ಅಕ್ಕಾ, ನಗ್ತಾನೇ ಇರಿ. ಮುಖ ಬದಲಾಯಿಸಬೇಡಿ. ಕೆಳಗೆ ನಡುಗಂಬದ ಹತ್ರ ತುಕ್ಕು ಹಿಟ್ಟಿನ ಥರ ಉದುರ್ತಿದೆ. ಒಂದು ಜಾಯಿಂಟು ಬಾಯಿ ಬಿಟ್ಟಿದೆ. ಈ ಕುಣಿತ ನಿಲ್ಲಬೇಕು. ಜನ ಇಳೀಬೇಕು, ಆದ್ರೆ ಮೆಲ್ಲಗೆ.”

ಟೈಲರಕ್ಕನ ಬಾಯಲ್ಲಿ ‘ಸುಳ್ಳು’ ಎಂಬ ಮಾತು ಬಂದೇ ಬಿಟ್ಟಿತ್ತು. ಆದರೆ ಸುಳ್ಳು ಹೇಳುವವಳು ದಡದಲ್ಲಿ ನಿಂತೇ ಹೇಳುತ್ತಿದ್ದಳಲ್ಲ. ಟೈಲರಕ್ಕ ಸುತ್ತ ನೋಡಿದಳು. ಅತ್ತೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಮೊಮ್ಮಗಳು ಯಾರದೋ ಹೆಗಲ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಇಷ್ಟು ಜನರನ್ನೂ ಕರೆದು ತಂದು ನಿಲ್ಲಿಸಿದವಳು ತಾನು. ನಿಜ ಹೇಳಿದರೆ ಓಡುತ್ತಾರೆ. ಎಲ್ಲರೂ ಒಟ್ಟಿಗೆ ಓಡಿದರೆ...

ಅವಳು ಚೇರ್ಮನ್ ಕೈಯಿಂದ ಮೈಕು ಕಿತ್ತುಕೊಂಡಳು.

“ನಿಲ್ಲಿಸಿ! ಯಾರೂ ಕಾಲು ಆಡಿಸಬೇಡಿ! ಫೋಟೋ ತೆಗೀತಾರಂತೆ!”

ಧಡ್ ಧಡ್ ನಿಂತಿತು. ಕೈಗಳೆಲ್ಲ ತಲೆಗೂದಲಿಗೆ ಹೋದವು.

“ಇಲ್ಲೇ ನಿಂತ್ರೆ ನಮ್ಮ ತಲೆ ಮಾತ್ರ ಬರುತ್ತೆ, ಸೇತುವೆ ಬರಲ್ಲ. ದಡದಲ್ಲಿ ಸಾಲಾಗಿ ನಿಂತ್ರೆ ಹಿಂದೆ ಪೂರ್ತಿ ಬರುತ್ತೆ. ಆ ದಡದವರಿಗೆ ಆ ಕಡೆ ಫೋಟೋ, ಈ ದಡದವರಿಗೆ ಈ ಕಡೆ. ಜಗಳ ಬೇಡ. ತುದಿಯಲ್ಲಿರೋರು ಮೊದಲು ಇಳೀರಿ. ಓಡಿದವರನ್ನ ಕೊನೇ ಸಾಲಿಗೆ ಹಾಕ್ತೀನಿ, ಮುಖ ಬರಲ್ಲ ಹೇಳಿರ್ತೀನಿ!”

ಒಬ್ಬನೂ ಓಡಲಿಲ್ಲ. “ಅಕ್ಕಾ, ತಲೆ ಬಾಚ್ಕೊಳ್ಳೋಕೆ ಟೈಮಿದೆಯಾ?” ಎಂದೊಬ್ಬಳು ಕೇಳಿದಳು. “ನಡೀತಾ ಬಾಚ್ಕೊಳೇ!” ಎಂದಳು ಟೈಲರಕ್ಕ; ಬೆನ್ನಿನ ಬೆವರು ಸೊಂಟಕ್ಕೆ ಇಳಿಯುತ್ತಿತ್ತು.

“ಘೋಷಣೆಗೆ ಈಗ ತಾನೇ ಕಾವು ಬಂದಿತ್ತಲ್ಲಕ್ಕಾ,” ಎಂದು ಚೇರ್ಮನ್ ಗೊಣಗಿದ.

“ಮುಂದಿನ ಸಾಲಲ್ಲಿ ನಿನಗೊಂದು ಕುರ್ಚಿ ಹಾಕಿಸ್ತೀನಿ, ನಡಿಯೋ.”

ಅವನು ಗಡ್ಡ ನೀವಿಕೊಳ್ಳುತ್ತ ನಡೆದ. ಇಬ್ಬರು ಅತ್ತೆಯನ್ನು ಎತ್ತಿಕೊಂಡರು. “ಇಷ್ಟು ಬೇಗ ಮುಗೀತೇನೋ?” ಎಂದು ಅತ್ತೆ ಬೇಜಾರು ಮಾಡಿಕೊಂಡಳು. ಮೊಮ್ಮಗಳು ಹೋದಳು. ಜನ ಕರಗುತ್ತ ಬಂದಂತೆ ಕಾಲ ಕೆಳಗಿನ ಸದ್ದು ಕೇಳಿಸತೊಡಗಿತು. ಮುದುಕರು ಮಗ್ಗುಲು ಬದಲಿಸುವಾಗ ಬರುವಂಥ ನರಳಿಕೆ. ಕೊನೆಗೆ ಇಬ್ಬರೇ ಉಳಿದರು.

“ಅಕ್ಕಾ, ನೀವು ಮುಂದೆ ಹೋಗಿ. ಸ್ವಲ್ಪ ದೂರ ಬಿಟ್ಟು ನಾನು ಬರ್ತೀನಿ.”

ಮಣ್ಣಿಗೆ ಕಾಲು ತಾಕುತ್ತಲೇ ಟೈಲರಕ್ಕ ಕೂತುಬಿಟ್ಟಳು. ಇಂಜಿನಿಯರಮ್ಮನೂ ಬಂದು ಪಕ್ಕದಲ್ಲಿ ಕುಸಿದಳು.

“ನೀನ್ಯಾಕಮ್ಮ ಮೇಲಕ್ಕೆ ಬಂದೆ? ಇಲ್ಲಿಂದಲೇ ಕೂಗಿ ಹೇಳಬಹುದಿತ್ತಲ್ಲ.”

“ನಾನು ಹೇಳಿದ್ದು ಯಾರು ಕೇಳ್ತಿದ್ರು? ನೀವು ಹೇಳಿದ್ರೆ ಕೇಳ್ತಾರೆ.”

ಟೈಲರಕ್ಕ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಎದ್ದು ಹೋಗಿ ಬ್ಯಾನರಿನ ಗಂಟು ಬಿಚ್ಚಿದಳು. ಬಟ್ಟೆ ಕೆಳಗಿಳಿಯಿತು, ಬೋರ್ಡು ಕಾಣಿಸಿತು. ಚೇರ್ಮನ್ ಅದನ್ನು ಗಟ್ಟಿಯಾಗಿ ಓದತೊಡಗಿ ಅರ್ಧದಲ್ಲೇ ನಿಲ್ಲಿಸಿದ. ಬೋರ್ಡು ನೋಡಿದ, ಖಾಲಿ ಸೇತುವೆ ನೋಡಿದ, ಟೈಲರಕ್ಕನ ಮುಖ ನೋಡಿದ. ಸಾಲಾಗಿ ನಿಂತಿದ್ದವರು ಒಬ್ಬೊಬ್ಬರೇ ಮುಂದೆ ಬಂದು ಬೋರ್ಡು ಓದಿದರು. ಒಬ್ಬ ತಾಯಿ ಮಗುವನ್ನು ಅವಚಿಕೊಂಡು ಅತ್ತಳು.

“ಇನ್ನು ಹೊಸದು ಕಟ್ಟಮ್ಮ,” ಎಂದಳು ಟೈಲರಕ್ಕ. “ಇದನ್ನ ಹಳೇ ಗುಜರಿ ಅಂತ ಮಾತ್ರ ಬಯ್ಯಬೇಡ. ನಾವು ಹೇರಿದ್ದನ್ನೆಲ್ಲ ಹೊತ್ಕೊಂಡು, ಒಬ್ಬರನ್ನೂ ಬೀಳಿಸದೆ ಇಳಿಸಿಕೊಡ್ತು. ಇನ್ನೂ ಎಷ್ಟು ದುಡಿಸೋದು?”

ಇಂಜಿನಿಯರಮ್ಮ ಫೋಟೋ ತೆಗೆಯಲೆಂದು ಮೊಬೈಲು ಹೊರಗೆ ತೆಗೆದಳು. ಚಹಾದಂಗಡಿಯವನು ಬಂದು ಅದನ್ನು ಅವಳ ಕೈಯಿಂದ ಇಸಿದುಕೊಂಡ. “ಕೊಡಿ ಇಲ್ಲಿ. ನೀವು ಹೋಗಿ ಅಜ್ಜಿ ಪಕ್ಕ ನಿಂತ್ಕೊಳ್ಳಿ.”

ಫೋಟೋ ಚೆನ್ನಾಗಿಯೇ ಬಂದಿದೆ. ಕಣ್ಣು ಕೆಂಪಾದವರು, ಕಣ್ಣು ಮುಚ್ಚಿದವರು, ಬಾಚಣಿಗೆಯನ್ನು ತಲೆಯಲ್ಲೇ ಮರೆತವಳು, ನಡುವೆ ಹೆಲ್ಮೆಟ್ಟು ಹಿಡಿದ ಇಂಜಿನಿಯರಮ್ಮ. ಎಲ್ಲರೂ ಇತ್ತ ನೋಡುತ್ತಿದ್ದಾರೆ. ಸಾಲಿನ ಕೊನೆಯಲ್ಲಿ ಒಬ್ಬಳು ಮಾತ್ರ, ಮಡಿಸಿದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಸೇತುವೆಯ ಕಡೆ ತಿರುಗಿಬಿಟ್ಟಿದ್ದಾಳೆ. ಅವಳ ತುರುಬು ಮಾತ್ರ ಕಾಣಿಸುತ್ತದೆ.